ಹಲ್ಲು ಕೆತ್ತಿಸುವ ಮುಂಚೆ: ನಗು ಚೆಂದ ಮಾಡಿಕೊಳ್ಳಲು ಯಾವುದು ಮೊದಲು, ಯಾವುದು ಕೊನೆಗೆ

ನಮ್ಮ ಹೈಸ್ಕೂಲಿನ ಒಂದು ಗ್ರೂಪ್ ಫೋಟೋ ಇದೆ. ಮುಂದಿನ ಸಾಲಿನಲ್ಲಿ ಒಂಬತ್ತು ಹುಡುಗರು. ಫೋಟೋಗ್ರಾಫರ್ ಎಷ್ಟು ಸಲ ನಗಿ ನಗಿ ಅಂದರೂ ಏಳು ಜನ ತುಟಿ ಬಿಗಿದೇ ಕೂತಿದ್ದೇವೆ. ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರು ಕುಡಿದು ಬೆಳೆದವರು ನಾವು. ಏಳೂ ಜನರ ಮುಂದಿನ ಹಲ್ಲಿನ ಮೇಲೆ ಕಂದು ಪಟ್ಟೆ. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಬಾಯಿ ಮುಚ್ಚಿ ನಗುವುದನ್ನು ಎಲ್ಲರೂ ಕಲಿತಿದ್ದೆವು.

ಬೆಂಗಳೂರಿಗೆ ಬಂದು, ಕೆಲಸ ಸಿಕ್ಕಿ, ಮದುವೆ ಗೊತ್ತಾದ ಮೇಲೆ ಒಂದು ಕ್ಲಿನಿಕ್‌ಗೆ ಹೋದೆ. ಹತ್ತೇ ನಿಮಿಷ. ಟಾರ್ಚ್ ಹಾಕಿ ನೋಡಿದರು, ಮೇಲಿನ ಎಂಟು ಹಲ್ಲಿಗೆ ಕ್ಯಾಪ್ ಹಾಕಿಬಿಡೋಣ ಅಂದರು, ಇಎಂಐ ಕೂಡ ಇದೆ ಅಂದರು. ನಾನು ಖುಷಿಯಲ್ಲಿ ಅಡ್ವಾನ್ಸ್ ಕಟ್ಟಿ ಬಂದೆ. ಚಿಕ್ಕಪ್ಪನ ಮಗಳು ಬೈದಳು, "ಗಟ್ಟಿ ಹಲ್ಲನ್ನ ಯಾಕೋ ಕೆತ್ತಿಸ್ತೀಯ, ಇನ್ನೊಬ್ಬರಿಗೆ ತೋರಿಸು" ಅಂತ. ಎರಡನೇ ಡಾಕ್ಟರ್ ಅರ್ಧ ಗಂಟೆ ನೋಡಿದರು, ಫೋಟೋ ತೆಗೆದರು, ಎಕ್ಸ್‌ರೇ ತೆಗೆದರು. ಕೊನೆಗೆ ಒಂದು ಕ್ಯಾಪೂ ಇಲ್ಲದೆ ಕೆಲಸ ಮುಗಿಯಿತು. ಒಟ್ಟು ಬಿಲ್ಲು ಮೊದಲ ಕ್ಲಿನಿಕ್ ಹೇಳಿದ ಎರಡು ಕ್ಯಾಪ್‌ನ ದುಡ್ಡಿಗಿಂತ ಕಡಿಮೆ. ಆ ಅಡ್ವಾನ್ಸ್ ಮಾತ್ರ ವಾಪಸ್ ಬರಲಿಲ್ಲ, ಬಿಡಿ.

ಅಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಈ ಕೆಲಸಗಳಿಗೆ ಒಂದು ಕ್ರಮ ಇದೆ, ಅದನ್ನು ಗೊತ್ತು ಮಾಡಿಕೊಂಡು ಕುರ್ಚಿಯಲ್ಲಿ ಕೂತರೆ ದುಡ್ಡೂ ಉಳಿಯುತ್ತದೆ, ಹಲ್ಲೂ ಉಳಿಯುತ್ತದೆ. ಮೊದಲು ತೊಳೆಯೋದು, ಸರಿಸೋದಿದ್ದರೆ ಸರಿಸೋದು, ಆಮೇಲೆ ಬಿಳಿ ಮಾಡೋದು, ಆಮೇಲೆ ಅಂಟಿಸೋದು. ಕೆತ್ತೋದು ಎಲ್ಲಕ್ಕಿಂತ ಕೊನೆಗೆ. ಹಲ್ಲಿನ ಮೇಲಿನ ಗಟ್ಟಿ ಪದರ ಇದೆಯಲ್ಲ, ಎನಾಮಲ್, ಅದು ಮುಂದಿನ ಹಲ್ಲಿನಲ್ಲಿ ಇರುವುದೇ ಸುಮಾರು ಒಂದು ಮಿಲಿಮೀಟರ್. ಒಸಡಿನ ಹತ್ತಿರ ಇನ್ನೂ ತೆಳು. ಕೂದಲು ಉಗುರು ಬೆಳೆಯುತ್ತವಲ್ಲ, ಹಾಗೆ ಅದು ಮತ್ತೆ ಬೆಳೆಯಲ್ಲ.

ಮೊದಲು ಕನ್ನಡಿ ಮುಂದೆ

ಕಿಟಕಿ ಪಕ್ಕ, ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ನಿಂತುಕೊಳ್ಳಿ. ನಿಮಗೆ ನಿಜವಾಗಿ ಬೇಜಾರಾಗಿರುವುದು ಯಾವುದು? ಬಣ್ಣವಾ, ಹಲ್ಲು ನಿಂತಿರುವ ರೀತಿಯಾ, ಮೂಲೆ ಮುರಿದಿರುವುದಾ, ಸಂದು ಇರುವುದಾ, ಒಸಡು ಜಾಸ್ತಿ ಕಾಣುವುದಾ? ಒಂದೊಂದಕ್ಕೂ ಬೇರೆ ಬೇರೆ ಚಿಕಿತ್ಸೆ. ಸುಮ್ನೆ ಹೋಗಿ "ಸ್ಮೈಲ್ ಚೆನ್ನಾಗಿ ಮಾಡಿಕೊಡಿ" ಅಂದರೆ ದೊಡ್ಡ ಪ್ಯಾಕೇಜೇ ಬರುತ್ತದೆ.

ಬಣ್ಣ ಅಂದರೂ ಎಲ್ಲ ಬಣ್ಣ ಒಂದೇ ಅಲ್ಲ. ಕಾಫಿ, ಟೀ, ಎಲೆ ಅಡಿಕೆ, ಸಿಗರೇಟಿನ ಕಲೆ ಹೊರಗಿನಿಂದ ಹಿಡಿದದ್ದು. ಒಸಡಿಗೆ ಒಳ್ಳೆಯದು ಅಂತ ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶನ್ನು ತಿಂಗಳುಗಟ್ಟಲೆ ಬಳಸಿದರೂ ಕಂದು ಕಲೆ ಬರುತ್ತದೆ, ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಇವೆಲ್ಲ ಕ್ಲೀನಿಂಗ್‌ಗೇ ಬಹುತೇಕ ಹೋಗುತ್ತವೆ. ವಯಸ್ಸಾದ ಹಾಗೆ ಹಳದಿಯಾಗುವುದು ಬೇರೆ ಕಥೆ. ಮೇಲಿನ ಎನಾಮಲ್ ಸವೆದು, ಒಳಗಿನ ಡೆಂಟಿನ್ ಪದರದ ಹಳದಿ ಹೊರಗೆ ಕಾಣುತ್ತದೆ. ಇದಕ್ಕೆ ವೈಟ್ನಿಂಗ್ ಕೆಲಸ ಮಾಡುತ್ತದೆ. ಒಂದೇ ಒಂದು ಹಲ್ಲು ಬೂದು ಅಥವಾ ಕಪ್ಪಾಗಿದ್ದರೆ, ಅದೂ ಚಿಕ್ಕಂದಿನಲ್ಲಿ ಸೈಕಲ್ ಕಲಿಯುವಾಗ ಬಿದ್ದು ಪೆಟ್ಟಾಗಿದ್ದ ಹಲ್ಲಾಗಿದ್ದರೆ, ಒಳಗಿನ ನರ ಸತ್ತಿರುವ ಸಾಧ್ಯತೆ ಜಾಸ್ತಿ. ಅದಕ್ಕೆ ಮೊದಲು ಎಕ್ಸ್‌ರೇ. ಬೇಕಿದ್ದರೆ ರೂಟ್ ಕೆನಾಲ್ ಮಾಡಿ, ಹಲ್ಲಿನ ಒಳಗೇ ಮದ್ದಿಟ್ಟು ಮುಚ್ಚಿ, ಕೆಲವು ದಿನ ಬಿಟ್ಟು ಬದಲಿಸುತ್ತ ಒಳಗಿನಿಂದ ಬಿಳಿ ಮಾಡುತ್ತಾರೆ. ಹೊರಗಿನಿಂದ ಎಷ್ಟು ಜೆಲ್ ಹಚ್ಚಿದರೂ ಅಂಥ ಹಲ್ಲು ಸರಿಯಾಗಿ ಬಿಳಿಯಾಗಲ್ಲ.

ಇನ್ನು ನನ್ನಂಥವರದ್ದು ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲಿಗೆ ಬರುವ ಕಲೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5 ತನಕ ಪರವಾಗಿಲ್ಲ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಆಳಕ್ಕೆ ಕೊರೆದ ಬೋರ್‌ಗಳಲ್ಲಿ ಎಷ್ಟೋ ಕಡೆ ಅದು ದಾಟಿದೆ. ಒಂದು ವಿಷಯ ನೆನಪಿರಲಿ, ಈ ಕಲೆ ಬೀಳುವುದು ಹಲ್ಲು ಇನ್ನೂ ಒಸಡಿನ ಒಳಗೆ ರೂಪ ಪಡೆಯುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ. ದೊಡ್ಡವರಾದ ಮೇಲೆ ಆ ನೀರು ಕುಡಿದರೆ ಹಲ್ಲಿಗೆ ಹೊಸದಾಗಿ ಪಟ್ಟೆ ಬರಲ್ಲ, ಮೂಳೆಗೆ ತೊಂದರೆ ಆಗಬಹುದು, ಅದು ಬೇರೆ. ಊರಲ್ಲಿ ಚಿಕ್ಕ ಮಕ್ಕಳಿದ್ದರೆ ಶುದ್ಧ ನೀರಿನ ಘಟಕದ ಕ್ಯಾನ್ ಹೊತ್ತು ತರುವುದು ಮೊದಲು ಅವರಿಗಾಗಿ.

ಕ್ಲೀನಿಂಗ್, ಎಲ್ಲರಿಗೂ

ಏನೇ ಮಾಡಿಸುವುದಿದ್ದರೂ ಶುರು ಇಲ್ಲಿಂದ. ಹುಳುಕಿದ್ದರೆ ತುಂಬಿಸಬೇಕು, ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಮೊದಲು ಅದು ನಿಲ್ಲಬೇಕು. ಪಾಚಿ ಕಟ್ಟಿದ ಹಲ್ಲಿನ ಮೇಲೆ ವಿನಿಯರ್ (ಹಲ್ಲಿನ ಮುಂಭಾಗಕ್ಕೆ ಹಾಕುವ ತೆಳು ಪಿಂಗಾಣಿ ಪದರ) ಅಂಟಿಸುವುದು ಅಂದರೆ ಪಾಯ ನೋಡದೆ ಗೋಡೆಗೆ ಬಣ್ಣ ಹೊಡೆದ ಹಾಗೆ.

ಸ್ಕೇಲಿಂಗ್, ಅಂದರೆ ಇದೇ ಕ್ಲೀನಿಂಗ್, ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ, ಸಂದು ಬರುತ್ತದೆ ಅಂತ ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ಆಗುವುದೇನು ಅಂದರೆ, ವರ್ಷಗಟ್ಟಲೆ ಕಟ್ಟಿದ ಪಾಚಿ ಗಾರೆಯ ಹಾಗೆ ಗಟ್ಟಿಯಾಗಿ ಹಲ್ಲುಗಳ ಸಂದಿಯನ್ನು ತುಂಬಿರುತ್ತದೆ. ಅದರಿಂದಲೇ ಒಸಡು ಕೆಳಗೆ ಸರಿದಿರುತ್ತದೆ. ಗಾರೆ ತೆಗೆದಾಗ ಮೊದಲೇ ಇದ್ದ ಸಂದು ಕಣ್ಣಿಗೆ ಬೀಳುತ್ತದೆ, ಅಷ್ಟೇ. ಯಂತ್ರದ ತುದಿ ಹಲ್ಲನ್ನು ಕೆರೆಯಲ್ಲ, ಸಣ್ಣಗೆ ಕಂಪಿಸುತ್ತ ನೀರು ಚಿಮ್ಮಿಸಿ ಗಾರೆಯನ್ನು ಬಿಡಿಸುತ್ತದೆ. ಒಂದೆರಡು ವಾರ ತಣ್ಣೀರು ಕುಡಿದರೆ ಜುಮ್ಮನ್ನಬಹುದು, ಕಡಿಮೆಯಾಗುತ್ತದೆ. ಎಷ್ಟೋ ಜನರಿಗೆ ಕ್ಲೀನಿಂಗ್ ಆದ ಮೇಲೆ ಕನ್ನಡಿ ನೋಡಿ ಇಷ್ಟೇ ಸಾಕು ಅನ್ನಿಸಿಬಿಡುತ್ತದೆ.

ಗುಟ್ಕಾ, ಹೊಗೆಸೊಪ್ಪು ಹಾಕುವವರು ಹಲ್ಲು ಬಿಳಿ ಮಾಡಿಸಲು ಹೋದಾಗ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ಎಲ್ಲ ನೋಡಿಸಿಕೊಂಡು ಬನ್ನಿ. ಮೂರು ಬೆರಳು ಅಡ್ಡ ಇಟ್ಟಷ್ಟು ಬಾಯಿ ತೆರೆಯಲು ಆಗುತ್ತಿಲ್ಲ, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರವಾದರೂ ಹೋಗಿಲ್ಲ ಅಂದರೆ, ನಗುವಿನ ಮಾತು ಆಮೇಲೆ.

ಬಿಳಿ ಮಾಡುವುದು

ಮೊದಲು ಮಾಡಬಾರದ್ದು ಹೇಳಿಬಿಡುತ್ತೇನೆ. ನಿಂಬೆಹಣ್ಣು ಉಜ್ಜುವುದು, ಇದ್ದಿಲ ಪುಡಿ, ಇಟ್ಟಿಗೆ ಪುಡಿ, ನಿಂಬೆರಸಕ್ಕೆ ಅಡುಗೆ ಸೋಡಾ ಸೇರಿಸಿ ಉಜ್ಜುವುದು, ರೀಲ್ಸ್‌ನಲ್ಲಿ ಬರುವ ಇಂಥದ್ದೆಲ್ಲ. ನಿಂಬೆಯ ಹುಳಿ ಎನಾಮಲ್ಲನ್ನು ಕರಗಿಸುತ್ತದೆ, ಪುಡಿ ಅದನ್ನು ಉಜ್ಜಿ ತೆಗೆಯುತ್ತದೆ. ಒಂದು ವಾರ ಬೆಳ್ಳಗೆ ಕಾಣುತ್ತದೆ. ಆಮೇಲೆ ಒಳಗಿನ ಹಳದಿ ಇನ್ನೂ ಜಾಸ್ತಿ ಕಾಣುತ್ತದೆ, ಯಾಕೆ ಅಂತ ಮೇಲೆ ಹೇಳಿದ್ದೇನಲ್ಲ. ಅಂಗಡಿಯ ವೈಟ್ನಿಂಗ್ ಪೇಸ್ಟ್ ಹೊರಗಿನ ಕಲೆಯನ್ನು ಸ್ವಲ್ಪ ತೆಗೆಯುತ್ತದೆ, ಹಲ್ಲಿನ ಮೂಲ ಬಣ್ಣವನ್ನು ಬದಲಿಸಲ್ಲ.

ಡಾಕ್ಟರ್ ಮಾಡುವ ವೈಟ್ನಿಂಗ್‌ನಲ್ಲಿ ಕೆಲಸ ಮಾಡುವುದು ಪೆರಾಕ್ಸೈಡ್. ಅದು ಎನಾಮಲ್ ಒಳಗೆ ಇಳಿದು ಬಣ್ಣದ ಕಣಗಳನ್ನು ಒಡೆಯುತ್ತದೆ. ಎರಡು ದಾರಿ ಇದೆ. ಒಂದು, ಕ್ಲಿನಿಕ್‌ನಲ್ಲಿ ಕೂತು ಮಾಡಿಸುವುದು. ಒಸಡಿಗೆ ತಾಗದ ಹಾಗೆ ಅಡ್ಡ ಕಟ್ಟಿ, ತೀಕ್ಷ್ಣವಾದ ಜೆಲ್ ಹಚ್ಚಿ, ಒಂದೂವರೆ ಗಂಟೆಯೊಳಗೆ ಮುಗಿಸಿ ಕಳಿಸುತ್ತಾರೆ. ನೀಲಿ ಲೈಟ್ ಹಾಕಿ ಫೋಟೋ ತೆಗೆದು ತೋರಿಸುತ್ತಾರಲ್ಲ, ಅಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಜೆಲ್, ಲೈಟಿಗೋಸ್ಕರ ಜಾಸ್ತಿ ದುಡ್ಡು ಕೊಡಬೇಡಿ. ಎರಡನೆಯದು, ಮನೆಯಲ್ಲಿ ರಾತ್ರಿ ಟ್ರೇ ಹಾಕಿಕೊಳ್ಳುವುದು. 10 ರಿಂದ 16 ಪರ್ಸೆಂಟ್ ಕಾರ್ಬಮೈಡ್ ಪೆರಾಕ್ಸೈಡ್ ಇರುವ ಜೆಲ್. ಅಮೆರಿಕದ ಹೇವುಡ್ ಮತ್ತು ಹೇಮನ್ ಎಂಬ ಇಬ್ಬರು ದಂತವೈದ್ಯರು 1989ರಲ್ಲಿ ಈ ವಿಧಾನದ ಬಗ್ಗೆ ಬರೆದ ಮೇಲೆ ಇದು ಎಲ್ಲ ಕಡೆ ಹರಡಿತು. ನಿಧಾನ, ಆದರೆ ಜುಮ್ಮನ್ನುವುದು ಕಡಿಮೆ, ಸಾಮಾನ್ಯವಾಗಿ ಖರ್ಚೂ ಕಡಿಮೆ. ನನ್ನ ಓಟು ಇದಕ್ಕೇ.

ಹೇಗೆ ಮಾಡುತ್ತಾರೆ ಅಂದರೆ, ಮೊದಲ ದಿನ ಪುದೀನ ವಾಸನೆಯ ಮೆತ್ತನೆಯ ಹಿಟ್ಟಿನಂಥದ್ದನ್ನು ಬಾಯಲ್ಲಿಟ್ಟು ಅಳತೆ ತೆಗೆದುಕೊಳ್ಳುತ್ತಾರೆ. ಎರಡು ಮೂರು ದಿನದಲ್ಲಿ ನಿಮ್ಮ ಹಲ್ಲಿಗೇ ಕೂರುವ ತೆಳು ಪ್ಲಾಸ್ಟಿಕ್ ಟ್ರೇ ಬರುತ್ತದೆ. ರಾತ್ರಿ ಹಲ್ಲುಜ್ಜಿ, ಒಂದೊಂದು ಹಲ್ಲಿನ ಗುಳಿಗೂ ಒಂದು ಅಕ್ಕಿಕಾಳಷ್ಟು ಜೆಲ್ ಇಟ್ಟು ಹಾಕಿಕೊಳ್ಳಬೇಕು. ಜಾಸ್ತಿ ಹಾಕಿದರೆ ಜಾಸ್ತಿ ಬಿಳಿಯಾಗಲ್ಲ, ಒಸಡು ಉರಿಯುತ್ತದೆ. ನಾನು ಮೊದಲ ರಾತ್ರಿ ಪೇಸ್ಟ್ ಹಾಕುವ ಹಾಗೆ ಹಿಂಡಿ, ಬೆಳಗ್ಗೆ ಒಸಡಿನ ಅಂಚು ಬೆಳ್ಳಗಾಗಿ ಹೆದರಿ ಫೋನ್ ಮಾಡಿದ್ದೆ. ಹೊರಗೆ ಬಂದ ಜೆಲ್ಲನ್ನು ಹತ್ತಿಯಲ್ಲಿ ಒರೆಸಿಬಿಡಿ ಅಂದರು, ಸರಿಹೋಯಿತು. ಎರಡು ಮೂರು ವಾರ ಹೀಗೆ. ಮುಂಚೆಯೇ ಎರಡು ವಾರ ಪೊಟ್ಯಾಸಿಯಂ ನೈಟ್ರೇಟ್ ಇರುವ, ಜುಮ್ಮನ್ನುವ ಹಲ್ಲಿನ ಪೇಸ್ಟ್ ಬಳಸಿದರೆ ಆರಾಮ. ಜುಮ್ಮಂದರೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಾಕಿಕೊಳ್ಳಿ.

ಫ್ಲೋರೋಸಿಸ್ ಇರುವವರು ಗಾಬರಿಯಾಗಬೇಡಿ, ಮೊದಲ ಕೆಲವು ದಿನ ಬಿಳಿ ಮಚ್ಚೆಗಳು ಇನ್ನೂ ಎದ್ದು ಕಾಣುತ್ತವೆ. ನಾಲ್ಕನೇ ದಿನ ಕನ್ನಡಿ ನೋಡಿ ನನಗೆ ಅಳು ಬರುವುದೊಂದು ಬಾಕಿ. ಸುತ್ತಲಿನ ಹಲ್ಲು ಬಿಳಿಯಾಗುತ್ತ ಬಂದಂತೆ ಆ ವ್ಯತ್ಯಾಸ ಕಡಿಮೆಯಾಗುತ್ತದೆ.

ಬಸುರಿಯರು, ಮಗುವಿಗೆ ಹಾಲೂಡಿಸುವವರು, ಹದಿನೆಂಟು ತುಂಬದವರು ಸದ್ಯಕ್ಕೆ ಬಿಡಿ. ಚಿಕಿತ್ಸೆ ನಡೆಯುವಾಗ ಮತ್ತು ಮುಗಿದ ಮೇಲೂ ಎರಡು ದಿನ ಕಾಫಿ, ಟೀ, ಬೀಟ್‌ರೂಟ್ ಪಲ್ಯ, ಅರಿಶಿನ ಹಾಕಿದ ಸಾರು ದೂರ. ನಮ್ಮ ಅಡುಗೆಯಲ್ಲಿ ಅರಿಶಿನ ಇಲ್ಲದ್ದು ಹುಡುಕುವುದೇ ಒಂದು ಕೆಲಸ. ನಾನು ಮೊಸರನ್ನ, ಇಡ್ಲಿ, ಕಾಯಿಚಟ್ನಿಯಲ್ಲಿ ದಿನ ತಳ್ಳಿದೆ.

ಮುಖ್ಯವಾದ ಮಾತು. ಜೆಲ್ ಬಿಳಿ ಮಾಡುವುದು ನಿಮ್ಮ ಸ್ವಂತ ಹಲ್ಲನ್ನು ಮಾತ್ರ. ಮೊದಲೇ ಇರುವ ಫಿಲ್ಲಿಂಗ್, ಕ್ಯಾಪ್ ಅದೇ ಬಣ್ಣದಲ್ಲಿ ಉಳಿಯುತ್ತವೆ. ಅದಕ್ಕೇ ಬಿಳಿ ಮಾಡುವುದು ಮೊದಲು, ಆ ಬಣ್ಣಕ್ಕೆ ಹೊಂದಿಸಿ ಅಂಟಿಸುವುದು ಆಮೇಲೆ. ನಡುವೆ ಸುಮಾರು ಎರಡು ವಾರ ಬಿಡಬೇಕು, ಯಾಕಂದರೆ ಹಲ್ಲಿನೊಳಗೆ ಉಳಿದ ಆಕ್ಸಿಜನ್ ಹೋಗುವ ತನಕ ಅಂಟು ಸರಿಯಾಗಿ ಹಿಡಿಯಲ್ಲ, ಬಣ್ಣವೂ ಅಷ್ಟರಲ್ಲಿ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ.

ಕಂದು ಪಟ್ಟೆ ಹೋಗಿದ್ದು ಹೇಗೆ

ಬರೀ ಜೆಲ್‌ಗೆ ನನ್ನ ಕಂದು ಪಟ್ಟೆ ಪೂರ್ತಿ ಹೋಗುವಂಥದ್ದಲ್ಲ, ಹಾಗಾಗಿ ಜೆಲ್‌ಗಿಂತ ಮುಂಚೆ ಮೈಕ್ರೊಅಬ್ರೇಶನ್ ಮಾಡಿದರು. ಹೆಸರು ದೊಡ್ಡದು, ಕೆಲಸ ಸರಳ. ಹಲ್ಲುಗಳಷ್ಟೇ ಹೊರಗೆ ಕಾಣುವ ಹಾಗೆ ನೀಲಿ ರಬ್ಬರ್ ಹಾಳೆಯನ್ನು ಬಾಯಿಗೆ ಕಟ್ಟಿದರು. ಆಸಿಡ್ ಮತ್ತು ನುಣ್ಣನೆಯ ಪುಡಿ ಬೆರೆತ ಪೇಸ್ಟ್ ಹಚ್ಚಿ, ನಿಧಾನಕ್ಕೆ ತಿರುಗುವ ರಬ್ಬರ್ ಬಟ್ಟಲಿನಿಂದ ಹಲ್ಲಿಗೆ ಕೆಲವು ಸೆಕೆಂಡ್ ಉಜ್ಜುವುದು, ತೊಳೆಯುವುದು, ನೋಡುವುದು, ಮತ್ತೆ ಉಜ್ಜುವುದು. ನೋವಿಲ್ಲ, ಇಂಜೆಕ್ಷನ್ ಇಲ್ಲ. ಎನಾಮಲ್ ಹೋಗುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಪಟ್ಟೆ ಮೇಲ್ಮಟ್ಟದಲ್ಲಿದ್ದರೆ ಅಷ್ಟಕ್ಕೇ ಹೋಗುತ್ತದೆ. ಕೊನೆಗೆ ಹಲ್ಲಿಗೆ ಏನೋ ಹಚ್ಚಿದರು, ಏನು ಡಾಕ್ಟ್ರೇ ಅಂದೆ, ಫ್ಲೋರೈಡ್ ಅಂದರು. ಹಲ್ಲು ಕೆಡಿಸಿದ್ದೂ ಅದೇ, ಈಗ ಗಟ್ಟಿ ಮಾಡಲು ಬಂದಿರುವುದೂ ಅದೇ ಅಂತ ಇಬ್ಬರೂ ನಕ್ಕೆವು.

ಬಿಳಿ ಮಚ್ಚೆ ಸ್ವಲ್ಪ ಒಳಗಿದ್ದರೆ ರೆಸಿನ್ ಇನ್‌ಫಿಲ್ಟ್ರೇಶನ್ ಅಂತ ಇನ್ನೊಂದಿದೆ. ಆಸಿಡ್‌ನಿಂದ ಮಚ್ಚೆಯ ಬಾಯಿ ತೆರೆದು, ನೀರಿನಂಥ ರೆಸಿನ್ (ಗಟ್ಟಿಯಾದರೆ ಪ್ಲಾಸ್ಟಿಕ್‌ನಂತಾಗುವ ದ್ರವ) ಅದರೊಳಗೆ ಇಳಿಯಲು ಬಿಟ್ಟು, ಲೈಟಿನಿಂದ ಗಟ್ಟಿ ಮಾಡುತ್ತಾರೆ. ಬೆಳಕು ಹಾಯುವ ರೀತಿ ಬದಲಾಗಿ ಮಚ್ಚೆ ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. ಎಲ್ಲ ಕ್ಲಿನಿಕ್‌ಗಳಲ್ಲೂ ಇರಲ್ಲ. ಹಲ್ಲು ಗುಳಿಬಿದ್ದು ಉದುರುವಷ್ಟು ಜೋರಾದ ಫ್ಲೋರೋಸಿಸ್ ಇದ್ದರೆ ಮಾತ್ರ ಇವು ಸಾಲಲ್ಲ, ಅಲ್ಲಿ ವಿನಿಯರ್ ಅಥವಾ ಕ್ಯಾಪ್ ನ್ಯಾಯವೇ.

ಸರಿಸುವುದು

ಉಬ್ಬುಹಲ್ಲು, ಒಂದರ ಮೇಲೊಂದು ಹತ್ತಿದ ಹಲ್ಲು, ದೊಡ್ಡ ಸಂದು ಇವಕ್ಕೆ ನ್ಯಾಯವಾದ ದಾರಿ ಕ್ಲಿಪ್, ಅಂದರೆ ಹಲ್ಲಿಗೆ ಕಟ್ಟುವ ತಂತಿ. ಅದನ್ನು ಹಾಕಿಸುವುದಿದ್ದರೆ ಬಿಳಿ ಮಾಡುವುದು ಅದು ಮುಗಿದ ಮೇಲೆ. ವಯಸ್ಸಾಯಿತು ಇನ್ನೇನು ಕ್ಲಿಪ್ ಅನ್ನಬೇಡಿ, ಒಸಡು ಮೂಳೆ ಗಟ್ಟಿಯಾಗಿದ್ದರೆ ನಲವತ್ತರಲ್ಲೂ ಹಲ್ಲು ಸರಿಯುತ್ತದೆ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ. ಈ ಎರಡು ವರ್ಷ ಉಳಿಸಲು ಹೋಗಿಯೇ ಜನ ವಕ್ರ ಹಲ್ಲನ್ನು ಕೆತ್ತಿಸಿ ಕ್ಯಾಪ್ ಹಾಕಿಸಿ "ನೇರ" ಮಾಡಿಸಿಕೊಳ್ಳುವುದು. ಸುಲಭ ಕಾಣುತ್ತದೆ, ಹತ್ತು ಹದಿನೈದು ವರ್ಷಕ್ಕೆ ಆ ಕ್ಯಾಪ್ ಬದಲಿಸುವಾಗ ಗೊತ್ತಾಗುತ್ತದೆ.

ಕಣ್ಣಿಗೆ ಕಾಣದ ಅಲೈನರ್ (ಹಲ್ಲು ಸರಿಸುವ ಪಾರದರ್ಶಕ ಪ್ಲಾಸ್ಟಿಕ್ ಟ್ರೇ) ಬೇಕು ಅಂದರೆ ದಿನಕ್ಕೆ 22 ಗಂಟೆ ಹಾಕಿಕೊಂಡಿರಬೇಕು. ಊಟಕ್ಕೆ, ಕಾಫಿಗೆ ತೆಗೆಯಬೇಕು, ಹಲ್ಲುಜ್ಜಿ ಮತ್ತೆ ಹಾಕಬೇಕು. ದಿನಕ್ಕೆ ಐದು ಸಲ ಕಾಫಿ ಕುಡಿಯುವವರು ಮೊದಲೇ ಯೋಚಿಸಿ. ಎಕ್ಸ್‌ರೇ ಇಲ್ಲದೆ, ಡಾಕ್ಟರ್ ಬಾಯಿ ನೋಡದೆ, ಬರೀ ಅಳತೆ ತೆಗೆದುಕೊಂಡು ಕೊರಿಯರ್‌ನಲ್ಲಿ ಟ್ರೇ ಕಳಿಸುವವರ ಹತ್ತಿರ ಹೋಗಬೇಡಿ, ಹಲ್ಲಿನ ಬೇರು ಮೂಳೆಯೊಳಗೆ ಹೇಗಿದೆ ಅಂತ ನೋಡದೆ ಹಲ್ಲು ಸರಿಸುವುದು ಆಟವಲ್ಲ. ಕ್ಲಿಪ್ ಆಗಲಿ ಅಲೈನರ್ ಆಗಲಿ, ಮುಗಿದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೈನರ್ ಹಾಕದಿದ್ದರೆ ಹಲ್ಲು ತನ್ನ ಹಳೇ ಜಾಗಕ್ಕೆ ಹೊರಡುತ್ತದೆ. ನನ್ನ ರೂಮ್‌ಮೇಟ್ ರಿಟೈನರ್ ಡಬ್ಬಿಯಲ್ಲಿಟ್ಟು ಒಂದು ವರ್ಷ ಮರೆತ, ಆಮೇಲೆ ಹಾಕಲು ಹೋದರೆ ಕೂರಲೇ ಇಲ್ಲ.

ಮುಂದಿನ ಎರಡು ಹಲ್ಲಿನ ನಡುವೆ ಸಣ್ಣ ಸಂದಿದ್ದರೆ ಅದೃಷ್ಟ ಅಂತಾರೆ. ನಿಮಗೆ ಅದು ಇಷ್ಟವಿದ್ದರೆ ಹಾಗೇ ಬಿಡಿ, ಮುಚ್ಚಲೇಬೇಕು ಅಂತ ಎಲ್ಲೂ ಬರೆದಿಲ್ಲ.

ಅಂಟಿಸುವುದು

ಮೂಲೆ ಮುರಿದಿದೆ, ಸಣ್ಣ ಸಂದು, ಹಲ್ಲು ಗಿಡ್ಡ, ಒಂದೆರಡು ಕಲೆ ಉಳಿದಿದೆ. ಇದಕ್ಕೆಲ್ಲ ಕಾಂಪೋಸಿಟ್ ಬಾಂಡಿಂಗ್. ಹಲ್ಲಿನ ಬಣ್ಣದ ಮೇಣದಂಥ ವಸ್ತುವನ್ನು ಹಲ್ಲಿಗೇ ಅಂಟಿಸಿ ರೂಪ ಕೊಡುವುದು. ಇದು ಸಾಧ್ಯವಾಗಿದ್ದು 1955ರಲ್ಲಿ ಮೈಕೆಲ್ ಬ್ಯುನೊಕೋರ್ ಎಂಬ ಅಮೆರಿಕನ್ ದಂತವೈದ್ಯ ಕಂಡುಕೊಂಡ ಒಂದು ಉಪಾಯದಿಂದ. ಎನಾಮಲ್‌ಗೆ ಆಸಿಡ್ ತಾಗಿಸಿ ತೊಳೆದರೆ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಗುತ್ತದೆ, ಆ ತರಿಯೊಳಗೆ ರೆಸಿನ್ ಇಳಿದು ಕಚ್ಚಿಕೊಳ್ಳುತ್ತದೆ. ಹಾಗಾಗಿ ಹಲ್ಲು ಕೆತ್ತುವ ಅಗತ್ಯ ಬಹಳ ಸಲ ಬರುವುದೇ ಇಲ್ಲ.

ನನ್ನ ಬಲಗಡೆಯ ಬಾಚಿಹಲ್ಲಿನ ತುದಿ ಒಡೆದಿತ್ತು, ಅದನ್ನು ಕಟ್ಟಿದ್ದು ನೋಡುವ ಹಾಗಿತ್ತು. ಕೂತ ತಕ್ಷಣ, ಬೇರೇನೂ ಮಾಡುವ ಮುಂಚೆ, ಬಣ್ಣ ಹೊಂದಿಸಿದರು. ಬಾಯಿ ತೆರೆದು ಹಲ್ಲು ಒಣಗಿದರೆ ಅದು ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದಂತೆ, ಆಮೇಲೆ ಹೊಂದಿಸಿದರೆ ಬಣ್ಣ ತಪ್ಪುತ್ತದೆ. ಕೀಲಿಗೊಂಚಲಿನ ಹಾಗೆ ಹದಿನಾರು ಪುಟ್ಟ ಹಲ್ಲು ಇರುವ ಪಟ್ಟಿ ಹಿಡಿದು, ಕುರ್ಚಿಯ ಲೈಟ್ ಆರಿಸಿ, ಕಿಟಕಿಯ ಕಡೆ ಮುಖ ತಿರುಗಿಸಿ ನೋಡಿದರು. ಆಮೇಲೆ ಕಾಳಿನಷ್ಟು ಕಾಂಪೋಸಿಟ್ ಹಲ್ಲಿನ ಮೇಲೆ ಅಂಟು ಹಾಕದೆ ಇಟ್ಟು ಲೈಟ್ ಹಿಡಿದು ಗಟ್ಟಿ ಮಾಡಿ, "ನೀವೇ ನೋಡಿ" ಅಂತ ಕನ್ನಡಿ ಕೊಟ್ಟರು. ಸರಿ ಅಂದ ಮೇಲೆ ಅದನ್ನು ಉಗುರಲ್ಲಿ ಎತ್ತಿದ ಹಾಗೆ ಎತ್ತಿ ಬಿಸಾಡಿ ನಿಜವಾದ ಕೆಲಸ ಶುರು ಮಾಡಿದರು. ನಿಮ್ಮ ಡಾಕ್ಟರ್ ಬಣ್ಣಕ್ಕೆ ಇಷ್ಟು ಹೊತ್ತು ಕೊಡುತ್ತಾರಾ ಅಂತ ನೋಡಿ, ಅಲ್ಲೇ ಅರ್ಧ ಗೊತ್ತಾಗುತ್ತದೆ. ಆಸಿಡ್, ತೊಳೆಯುವುದು, ಅಂಟು, ಒಂದೊಂದು ಪದರ, ಪ್ರತಿ ಪದರಕ್ಕೂ ನೀಲಿ ಲೈಟ್. ಆ ಹೊತ್ತಿನಲ್ಲಿ ಒಂದು ಹನಿ ಉಗುಳು ತಾಗಿದರೂ ಅಂಟು ಕೆಡುತ್ತದೆ, ಅದಕ್ಕೇ ಮಾತಾಡಬೇಡಿ, ನುಂಗಬೇಡಿ ಅಂತ ಗದರುವುದು. ಕೊನೆಯ ಇಪ್ಪತ್ತು ನಿಮಿಷ ಬರೀ ಪಾಲಿಶ್. ಪಾಲಿಶ್ ಚೆನ್ನಾಗಿದ್ದಷ್ಟು ಕಲೆ ಹಿಡಿಯುವುದು ಕಡಿಮೆ.

ಸುಮಾರು ಐದಾರು ವರ್ಷ ಬರುತ್ತದೆ, ಜೋಪಾನ ಮಾಡಿದರೆ ಇನ್ನೂ ಸ್ವಲ್ಪ. ಅರಿಶಿನ ಕಾಫಿಗೆ ನಿಧಾನಕ್ಕೆ ಹಳದಿಯಾಗುತ್ತದೆ, ಮತ್ತೆ ಪಾಲಿಶ್ ಮಾಡಿಸಬಹುದು. ಚೂರು ಒಡೆದರೆ ಅದಷ್ಟೇ ಸೇರಿಸಬಹುದು, ಇದೇ ಇದರ ದೊಡ್ಡ ಗುಣ. ಮುಂದಿನ ಹಲ್ಲಲ್ಲಿ ಕಬ್ಬು ಸಿಗಿಯುವುದು, ಗಟ್ಟಿ ಕೋಡುಬಳೆ ಕಡಿಯುವುದು, ಸೋಡಾ ಬಾಟಲಿ ತೆಗೆಯುವುದು ಬಂದ್. ಸಂಕ್ರಾಂತಿಗೆ ನಾನೀಗ ಕಬ್ಬನ್ನು ಚಾಕುವಿನಲ್ಲಿ ಹೆಚ್ಚಿ ತಿನ್ನುತ್ತೇನೆ, ಮನೆಯವರೆಲ್ಲ ನಗುತ್ತಾರೆ.

ವಿನಿಯರ್, ಕ್ಯಾಪ್

ವಿನಿಯರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಮಾತ್ರ ಅಂಟಿಸುವ ಪಿಂಗಾಣಿ ತೆಳುಪದರ, ಸುಮಾರು ಅರ್ಧ ಮಿಲಿಮೀಟರ್. ಹಾಲಿವುಡ್‌ನ ಶುರುವಿನ ದಿನಗಳಲ್ಲಿ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯ ನಟರಿಗೆ ಇದನ್ನು ಮಾಡಿಕೊಡುತ್ತಿದ್ದ. ಆಗ ಸರಿಯಾದ ಅಂಟಿರಲಿಲ್ಲ, ಕಟ್ಟುಹಲ್ಲು ಕೂರಿಸುವ ಅಂಟುಪುಡಿಯಿಂದ ಅಂಟಿಸಿ, ಶೂಟಿಂಗ್ ಮುಗಿದ ಮೇಲೆ ತೆಗೆದಿಡಬೇಕಿತ್ತು. ಈಗ ಅಂಟಿಸಿದರೆ ಹತ್ತು ಹದಿನೈದು ವರ್ಷ ಬರುತ್ತದೆ. ಬಣ್ಣ ಕೆಡಲ್ಲ, ನೋಡಲು ನಿಜವಾಗಿ ಚೆಂದ. ಆದರೆ ಬಹುತೇಕ ಕೇಸಿನಲ್ಲಿ ಸ್ವಲ್ಪ ಎನಾಮಲ್ ತೆಗೆಯಲೇಬೇಕು. ತೆಗೆದ ಮೇಲೆ ಜೀವನಪೂರ್ತಿ ಅಲ್ಲಿ ಏನಾದರೊಂದು ಇರಲೇಬೇಕು.

ಕ್ಯಾಪ್ ಹಾಗಲ್ಲ, ಹಲ್ಲಿನ ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್ ಕೆತ್ತಿ ಟೋಪಿಯ ಹಾಗೆ ಕೂರಿಸುವುದು. ರೂಟ್ ಕೆನಾಲ್ ಆದ ಹಲ್ಲಿಗೆ, ಅರ್ಧ ಮುರಿದ ಹಲ್ಲಿಗೆ ಇದು ರಕ್ಷಣೆ. ಗಟ್ಟಿಯಾದ ಹಲ್ಲಿಗೆ ಬರೀ ಬಣ್ಣಕ್ಕೋಸ್ಕರ ಹಾಕಿಸಿದರೆ ನಷ್ಟವೇ ಜಾಸ್ತಿ. ಅಷ್ಟು ಕೆತ್ತಿದಾಗ ಕೆಲವು ಹಲ್ಲುಗಳ ನರಕ್ಕೆ ಪೆಟ್ಟಾಗಿ ಮುಂದೆ ರೂಟ್ ಕೆನಾಲ್ ಬೇಕಾಗುತ್ತದೆ. ಒಳಗೆ ಲೋಹ ಇರುವ ಕ್ಯಾಪ್ ಅಗ್ಗ, ಆದರೆ ಕೆಲವು ವರ್ಷದಲ್ಲಿ ಒಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಮುಂದಿನ ಹಲ್ಲಿಗೆ ಜಿರ್ಕೋನಿಯಾ (ಪಿಂಗಾಣಿಯಂಥ ಗಟ್ಟಿ ಬಿಳಿ ವಸ್ತು) ಅಥವಾ ಪೂರ್ತಿ ಪಿಂಗಾಣಿಯದ್ದೇ ಸರಿ.

ವಿನಿಯರ್ ಮಾಡಿಸುವುದೇ ಅಂತ ಆದರೆ ಹಲ್ಲಿಗೆ ಡ್ರಿಲ್ ತಾಗುವ ಮುಂಚೆ ಮಾಕ್‌ಅಪ್ ಕೇಳಿ. ಹೊಸ ಹಲ್ಲಿನ ಆಕಾರವನ್ನು ತಾತ್ಕಾಲಿಕ ರೆಸಿನ್‌ನಲ್ಲಿ ನಿಮ್ಮ ಹಲ್ಲಿನ ಮೇಲೇ ಕೂರಿಸಿ ತೋರಿಸುತ್ತಾರೆ. ಅದನ್ನು ಹಾಕಿಕೊಂಡು ಐವತ್ತೊಂದು, ಐವತ್ತೆರಡು ಅಂತ ಅರವತ್ತರ ತನಕ ಎಣಿಸಿ. ವ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ಹಗುರವಾಗಿ ತಾಗಬೇಕು, ಒತ್ತಿದರೆ ಹಲ್ಲು ಉದ್ದವಾಯಿತು ಅಂತ ಅರ್ಥ. ಸಾಸಿವೆ, ಸೊಸೈಟಿ, ಸಂಸಾರ ಅಂದು ನೋಡಿ, ಸೀಟಿ ಬರುತ್ತದಾ? ಜೊತೆಗೆ ಅಮ್ಮನನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗಿ, ನೀವು ನಗುವಾಗ ಹೇಗೆ ಕಾಣುತ್ತೀರಿ ಅಂತ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಬಣ್ಣ ಆರಿಸುವಾಗ ಕಣ್ಣಿನ ಬಿಳಿಗಿಂತ ಹಲ್ಲು ಬೆಳ್ಳಗೆ ಬೇಡ. ಅದಕ್ಕಿಂತ ಮುಂದೆ ಹೋದರೆ ಬಾತ್‌ರೂಮ್ ಟೈಲ್ಸ್ ನೆನಪಾಗುತ್ತದೆ.

ಒಸಡಿನ ಬಗ್ಗೆ ಚುಟುಕಾಗಿ. ನಮ್ಮ ಮೈಬಣ್ಣದವರ ಒಸಡು ಕಪ್ಪಾಗಿರುವುದು ರೋಗ ಅಲ್ಲ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನೇ ಅಲ್ಲೂ ಇರುವುದು. ಲೇಸರ್‌ನಲ್ಲಿ ಗುಲಾಬಿ ಮಾಡಿಕೊಡುತ್ತಾರೆ, ಕೆಲವರಿಗೆ ಕೆಲವು ವರ್ಷಕ್ಕೆ ಮತ್ತೆ ಬರುತ್ತದೆ. ನನ್ನನ್ನು ಕೇಳಿದರೆ ಬೇಡ. ನಗುವಾಗ ಒಸಡು ತೀರಾ ಜಾಸ್ತಿ ಕಂಡರೆ ಕಾರಣ ಒಸಡೋ, ತುಟಿಯೋ, ದವಡೆಯೋ ಅಂತ ಮೊದಲು ಗೊತ್ತಾಗಬೇಕು.

ಯಾರ ಹತ್ತಿರ, ಎಷ್ಟು ಮುಂಚೆ

ಕಾಸ್ಮೆಟಿಕ್ ಡೆಂಟಿಸ್ಟ್ರಿ ಅಂತ ನಮ್ಮ ದೇಶದಲ್ಲಿ ಪ್ರತ್ಯೇಕ ಎಂಡಿಎಸ್ (ದಂತವೈದ್ಯರ ಸ್ನಾತಕೋತ್ತರ ಪದವಿ) ವಿಭಾಗ ಇಲ್ಲ. ಬೋರ್ಡಿನಲ್ಲಿ ಹಾಗೆ ಬರೆದಿದ್ದರೆ ಕೆಳಗೆ ಏನು ಓದಿದ್ದಾರೆ ನೋಡಿ. ಕ್ಲಿಪ್‌ಗೆ ಆರ್ಥೊಡಾಂಟಿಸ್ಟ್, ವಿನಿಯರ್ ಕ್ಯಾಪ್‌ಗೆ ಪ್ರಾಸ್ಥೊಡಾಂಟಿಸ್ಟ್, ಬಾಂಡಿಂಗ್, ಬಿಳಿ ಮಾಡುವುದು, ರೂಟ್ ಕೆನಾಲ್‌ಗೆ ಎಂಡೊಡಾಂಟಿಸ್ಟ್, ಒಸಡಿಗೆ ಪೀರಿಯೊಡಾಂಟಿಸ್ಟ್. ಒಳ್ಳೆಯ ಬಿಡಿಎಸ್ ಡಾಕ್ಟರ್ ಬಹಳಷ್ಟನ್ನು ಚೆನ್ನಾಗಿಯೇ ಮಾಡುತ್ತಾರೆ. ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಇರಬೇಕು ಅಷ್ಟೇ. ಬ್ಯೂಟಿ ಪಾರ್ಲರ್‌ನಲ್ಲಿ ವೈಟ್ನಿಂಗ್ ಬೇಡವೇ ಬೇಡ.

ಕೈಯಲ್ಲಿ ದುಡ್ಡು ಕಡಿಮೆ, ಸಮಯ ಇದೆ ಅಂದರೆ ಡೆಂಟಲ್ ಕಾಲೇಜಿಗೆ ಹೋಗಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಪಕ್ಕ ಸರ್ಕಾರಿ ದಂತ ಕಾಲೇಜಿದೆ. ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಮಂಗಳೂರು, ಮಣಿಪಾಲದಲ್ಲೂ ಕಾಲೇಜುಗಳಿವೆ. ಕಲಿಯುವ ಡಾಕ್ಟರ್‌ಗಳು ಮಾಡುತ್ತಾರೆ, ಪ್ರೊಫೆಸರ್ ಬಂದು ಹಂತಹಂತಕ್ಕೂ ನೋಡುತ್ತಾರೆ. ಅರ್ಧ ದಿನ ಹೋಗುತ್ತದೆ, ಒಂದು ಗಂಟೆಯ ಕೆಲಸಕ್ಕೆ ಮೂರು ಸಲ ಕರೆಯಬಹುದು. ಚೆಂದಕ್ಕಾಗಿ ಮಾಡಿಸುವುದಕ್ಕೆ ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡಲ್ಲ, ಅದನ್ನು ನಂಬಿ ಹೋಗಬೇಡಿ.

ಕೂತ ಮೇಲೆ ಕೇಳಬೇಕಾದ್ದು: ನನ್ನ ಹಲ್ಲು ಎಷ್ಟು ಕೆತ್ತುತ್ತೀರಿ? ಕೆತ್ತದೆ ಆಗುವ ದಾರಿ ಯಾವುದು? ಇದು ಒಡೆದರೆ ಮುಂದೇನು, ಎಷ್ಟು? ನೀವೇ ಮಾಡಿದ ಕೇಸಿನ ಫೋಟೋ ಇದೆಯಾ? ಹಲ್ಲು ಹಲ್ಲಿನ ಲೆಕ್ಕದಲ್ಲಿ ಖರ್ಚು ಬರೆದುಕೊಡಿ ಅನ್ನಿ, ಅಡ್ವಾನ್ಸ್ ವಾಪಸ್ ಆಗುತ್ತದಾ ಅಂತಲೂ ಬರೆಸಿಕೊಳ್ಳಿ. ಆ ಒಂದು ಸಾಲು ನಾನು ಬರೆಸಿಕೊಂಡಿರಲಿಲ್ಲ. ಇವತ್ತೇ ಕಟ್ಟಿದರೆ ಡಿಸ್ಕೌಂಟ್ ಅಂದರೆ ಎದ್ದು ಬನ್ನಿ, ಅದು ಸೀರೆ ಅಂಗಡಿ ಅಲ್ಲ.

ಮದುವೆಗೆ ಅಂತ ಮಾಡಿಸುವವರು ಮುಹೂರ್ತದ ದಿನದಿಂದ ಹಿಂದಕ್ಕೆ ಎಣಿಸಿ. ಬಾಂಡಿಂಗ್ ಮದುವೆಗೆ ಎರಡು ವಾರ ಮುಂಚೆಯಾದರೂ ಮುಗಿದಿರಬೇಕು, ಏನಾದರೂ ಒರಟು ಇದ್ದರೆ ಸರಿಪಡಿಸಲು ಸಮಯ ಬೇಕಲ್ವಾ. ಅದಕ್ಕಿಂತ ಎರಡು ವಾರ ಮುಂಚೆ ಬಿಳಿ ಮಾಡುವುದು ಮುಗಿದಿರಬೇಕು. ಅದಕ್ಕೆ ಮೂರು ವಾರ. ಅದಕ್ಕೂ ಮೊದಲು ಕ್ಲೀನಿಂಗ್, ಹುಳುಕು ತುಂಬಿಸುವುದು. ಒಟ್ಟು ಎರಡೂವರೆ ಮೂರು ತಿಂಗಳು. ನಾನು ಲಗ್ನಪತ್ರಿಕೆ ಪ್ರಿಂಟಿಗೆ ಕೊಟ್ಟ ವಾರ ಶುರು ಮಾಡಿ ತುಂಬಾ ಒದ್ದಾಡಿದೆ. ಚಪ್ಪರದ ದಿನ ರಾತ್ರಿಯೂ ಬಾಯಲ್ಲಿ ಟ್ರೇ ಇತ್ತು, ಬಾಂಡಿಂಗ್ ಆಗಿದ್ದು ಮದುವೆಯಾಗಿ ಹದಿನಾರನೇ ದಿನ. ಹಾಗಾಗಿ ಆಲ್ಬಮ್ಮಿನಲ್ಲಿ ಹಲ್ಲು ಬಿಳಿ ಇದೆ, ಬಲಗಡೆಯ ಬಾಚಿಹಲ್ಲಿನ ತುದಿ ಮಾತ್ರ ಒಡೆದೇ ಇದೆ. ಧಾರೆಯ ಫೋಟೋದಲ್ಲಿ ನಾನು ಬಾಯಿ ತೆರೆದೇ ನಕ್ಕಿದ್ದೇನೆ.